ತಿಪ್ಪೆಗೆ ಬಿದ್ದ ಮದ್ದು ಎಲ್ಲಿಗೆ ಹೋಯಿತು?

ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಟ್ಟಿರುತ್ತೀರಿ. ಬೆಳಿಗ್ಗೆ ತೆಗೆದು ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. "ಯಾಕೋ ಹೆಪ್ಪ ಆಗವಲ್ದು" ಎಂದು ಚಿಕ್ಕೋಡಿ, ನಿಪ್ಪಾಣಿ ಕಡೆಯ ಅಜ್ಜಿಯರು ಗೊಣಗುತ್ತಾರೆ. ಚಳಿ ಹೆಚ್ಚಾಗಿರಬಹುದು, ಹೆಪ್ಪು ಹಳಸಿರಬಹುದು, ಹಾಲಿಗೆ ಯಾರೋ ಸೋಡಾ ಬೆರೆಸಿರಬಹುದು. ಇನ್ನೂ ಒಂದು ಕಾರಣ ಇರಲು ಸಾಧ್ಯ. ಹಾಲು ಕೊಟ್ಟ ಆಕಳಿಗೆ ಹಿಂದಿನ ದಿನ ಕೆಚ್ಚಲು ಬಾವಿಗೆಂದು ಆಂಟಿಬಯಾಟಿಕ್ ಸೂಜಿ ಹಾಕಿರಬಹುದು. ರೋಗಾಣುವನ್ನು ಕೊಲ್ಲಲು ಕೊಟ್ಟ ಮದ್ದು ಹಾಲಿನಲ್ಲಿ ಇಳಿದುಬಂದು, ನಿಮ್ಮ ಮನೆಯ ಮೊಸರು ಮಾಡುವ ನಿರುಪದ್ರವಿ ಸೂಕ್ಷ್ಮಜೀವಿಯನ್ನೂ ಬೆಳೆಯಗೊಡುವುದಿಲ್ಲ.

ಪ್ರಯೋಗಾಲಯಗಳಲ್ಲಿ ಹಾಲಿನ ಮೊದಲ ತಪಾಸಣೆಗೆ ಬಳಸುವ ಒಂದು ಬಗೆಯ ಪರೀಕ್ಷೆಯೂ ಇದೇ ತತ್ವದ ಮೇಲೆ ನಿಂತಿದೆ. ಒಂದು ಸೂಕ್ಷ್ಮಜೀವಿಯನ್ನು ಹಾಲಿನಲ್ಲಿ ಬಿಡುತ್ತಾರೆ. ಅದು ಬೆಳೆದರೆ ಬಣ್ಣ ಬದಲಾಗುತ್ತದೆ, ಬೆಳೆಯದಿದ್ದರೆ ಮದ್ದಿನ ಅನುಮಾನ ಬರುತ್ತದೆ. ಮೊಸರಿನ ಗಡಿಗೆಯನ್ನೇ ನಂಬಿ ತೀರ್ಪು ಕೊಡಲು ಬಾರದು, ಏಕೆಂದರೆ ಸ್ವಲ್ಪ ಮದ್ದಿರುವ ಹಾಲೂ ಹೆಪ್ಪುಗಟ್ಟಬಹುದು. ಆದರೂ ಹಾಲಿಗೆ ಅಷ್ಟಾದರೂ ಒಂದು ಸೂಚನೆ ಇದೆ. ಅದೇ ಆಕಳ ಸೆಗಣಿ ಬಿದ್ದ ತಿಪ್ಪೆಗೆ, ಆ ತಿಪ್ಪೆ ಚೆಲ್ಲಿದ ಹೊಲಕ್ಕೆ, ಹೊಲದ ಬದಿಯ ಬಾವಿಗೆ ಹೆಪ್ಪು ಹಾಕಿ ನೋಡಲು ಬರುವುದಿಲ್ಲ. ಈ ವಾರ ಆ ವಿಷಯ.

ಮೈಯಿಂದ ಮಣ್ಣಿಗೆ

ನಾವು ನುಂಗುವ ಮದ್ದಾಗಲಿ, ದನಕ್ಕೆ ಚುಚ್ಚುವ ಮದ್ದಾಗಲಿ ಮೈಯಲ್ಲೇ ಪೂರ್ತಿ ಕರಗಿ ಮಾಯವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಅನೇಕ ಆಂಟಿಬಯಾಟಿಕ್‌ಗಳ ದೊಡ್ಡ ಪಾಲು ರೂಪ ಬದಲಾಯಿಸದೆ ಮೂತ್ರ ಮತ್ತು ಸೆಗಣಿಯಲ್ಲಿ ಹೊರಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಆಕ್ಸಿಟೆಟ್ರಾಸೈಕ್ಲಿನ್ ಅನ್ನೇ ತೆಗೆದುಕೊಳ್ಳಿ. ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ 400 ಕಿಲೋ ತೂಗುವ ಆಕಳಿಗೆ ದಿನಕ್ಕೆ 4 ಗ್ರಾಂ ಬೇಕು, ಮೂರು ದಿನಕ್ಕೆ 12 ಗ್ರಾಂ. ಹಾಲಿನಲ್ಲಿ ಈ ಗುಂಪಿನ ಮದ್ದಿಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 100 ಮೈಕ್ರೋಗ್ರಾಂ. ಅಂದರೆ ಕೇವಲ ಒಂದು ಗ್ರಾಂ ಮದ್ದು 10,000 ಲೀಟರ್ ಹಾಲನ್ನು ಆ ಮಿತಿಯ ಅಂಚಿಗೆ ತರಬಲ್ಲದು. ಇಂಥ ಮದ್ದು ಗ್ರಾಂಗಟ್ಟಲೆ ಕೊಟ್ಟಿಗೆಯ ಕಾಲುವೆಗೆ, ಅಲ್ಲಿಂದ ತಿಪ್ಪೆಗೆ ಸೇರುತ್ತದೆ.

ಅಲ್ಲಿಂದ ಮುಂದೆ ಪ್ರತಿ ಮದ್ದಿನ ದಾರಿಯೂ ಬೇರೆ. ಟೆಟ್ರಾಸೈಕ್ಲಿನ್ ಗುಂಪಿನವು, ಎನ್ರೋಫ್ಲೋಕ್ಸಾಸಿನ್ ಗುಂಪಿನವು ಜೇಡಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ನಮ್ಮ ಎರೆಮಣ್ಣಿನ ಹೊಲಗಳಲ್ಲಿ ಅವು ಮೇಲಿನ ಪದರದಲ್ಲೇ ಉಳಿದು, ವರ್ಷ ವರ್ಷ ಗೊಬ್ಬರ ಹಾಕಿದಂತೆ ಕೂಡುತ್ತಾ ಹೋಗಬಹುದು. ಸಲ್ಫಾ ಗುಂಪಿನವು ಹಾಗಲ್ಲ. ಅವು ಮಣ್ಣಿನ ಹಿಡಿತಕ್ಕೆ ಸಿಗದೆ ನೀರಿನ ಜೊತೆ ಕೆಳಗಿಳಿದು ಬಾವಿ, ಬೋರಿನ ನೀರಿಗೆ ಸೇರುವ ಗುಣವುಳ್ಳವು. ಜಂತುಹುಳಕ್ಕೂ ಉಣ್ಣೆಗೂ ಕೊಡುವ ಐವರ್ಮೆಕ್ಟಿನ್ ಸೆಗಣಿಯಲ್ಲಿ ಉಳಿದು, ಅದನ್ನು ಮಣ್ಣಿಗೆ ಸೇರಿಸುವ ಸೆಗಣಿ ಹುಳಗಳಿಗೇ ಮಾರಕವಾಗುತ್ತದೆ. ಉಣ್ಣೆ ಸಾಯಲೆಂದು ಮೈಗೆ ಸವರುವ ಸೈಪರ್ಮೆಥ್ರಿನ್ ಹಚ್ಚಿದ ಎಮ್ಮೆಯನ್ನು ಹಾಗೆಯೇ ಹೊಳೆಗಿಳಿಸಿದರೆ ಮೊದಲು ಪೆಟ್ಟು ತಿನ್ನುವುದು ಮೀನು.

ಬೆಳೆಗೂ ಇದರ ಪಾಲು ಸಿಗುತ್ತದೆಯೆ? ಅಮೆರಿಕದ ಮಿನ್ನೆಸೋಟದಲ್ಲಿ ವಿಜ್ಞಾನಿಗಳು ಮದ್ದು ಬೆರೆತ ಗೊಬ್ಬರ ಹಾಕಿದ ಮಣ್ಣಿನಲ್ಲಿ ಈರುಳ್ಳಿ, ಎಲೆಕೋಸು, ಮೆಕ್ಕೆಜೋಳ ಬೆಳೆಸಿ ನೋಡಿದರು. 2005ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಮೂರೂ ಬೆಳೆಗಳು ಕ್ಲೋರ್‌ಟೆಟ್ರಾಸೈಕ್ಲಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಹೀರಿದ್ದವು. ಟೈಲೋಸಿನ್ ಎಂಬ ದೊಡ್ಡ ಅಣುವಿನ ಮದ್ದನ್ನು ಮಾತ್ರ ಹೀರಿರಲಿಲ್ಲ. ಪ್ರಮಾಣ ಅತ್ಯಲ್ಪವೆಂಬುದನ್ನು ಮರೆಯಬಾರದು. ಗಾಬರಿಪಟ್ಟು ನಾಳೆಯಿಂದ ಎಲೆಕೋಸು ಬಿಡುವ ಅಗತ್ಯವಿಲ್ಲ.

ಹಾಗಾದರೆ ಆತಂಕ ಯಾವುದರದು? ಒಂದು ಲೋಟ ನೀರಿನಲ್ಲಿರುವ ಕಣದಷ್ಟು ಮದ್ದು ಕುಡಿದವನನ್ನು ಮಲಗಿಸುವುದಿಲ್ಲ. ಅಪಾಯ ಇರುವುದು ತಿಪ್ಪೆಯಲ್ಲಿ, ಮಣ್ಣಿನಲ್ಲಿ, ಚರಂಡಿಯಲ್ಲಿ ಕೋಟಿಗಟ್ಟಲೆ ಇರುವ ಸೂಕ್ಷ್ಮಜೀವಿಗಳಲ್ಲಿ. ಸಾಯುವಷ್ಟಲ್ಲದ, ಆದರೆ ನಿತ್ಯ ಸಿಗುವ ಮದ್ದು ಅವುಗಳಿಗೆ ಗರಡಿಮನೆಯ ಸಾಮಿನಂತೆ. ತಡೆದುಕೊಳ್ಳಬಲ್ಲವು ಉಳಿದು, ಉಳಿದವು ಹೆಚ್ಚುತ್ತವೆ, ಆ ಶಕ್ತಿಯನ್ನು ಬೇರೆ ಜಾತಿಯ ಜೀವಾಣುಗಳಿಗೂ ದಾಟಿಸುತ್ತವೆ. ದನಕ್ಕೆ ಕೊಡುವ ಎನ್ರೋಫ್ಲೋಕ್ಸಾಸಿನ್ ದನದ ಮೈಯೊಳಗೆ ಭಾಗಶಃ ಸಿಪ್ರೋಫ್ಲೋಕ್ಸಾಸಿನ್ ಆಗಿ ಬದಲಾಗುತ್ತದೆ. ಸಿಪ್ರೋಫ್ಲೋಕ್ಸಾಸಿನ್ ಎಂದರೆ ನಿಮ್ಮ ಮನೆಯಲ್ಲಿ ಉರಿಮೂತ್ರಕ್ಕೆ, ಭೇದಿಗೆ ವೈದ್ಯರು ಬರೆದುಕೊಟ್ಟ ಅದೇ ಗುಳಿಗೆ. ಕೊಟ್ಟಿಗೆಯಲ್ಲಿ ಪಳಗಿದ ರೋಗಾಣು ಮಗುವಿಗೆ ತಗುಲಿದ ದಿನ, ಗುಳಿಗೆ ನುಂಗಿದರೂ ಜ್ವರ ಇಳಿಯದು.

ಹನ್ನೆರಡು ಸಾಲಿನ ಚೀಟಿ

"ಮಣ್ಣು ಪರೀಕ್ಷೆ ಮಾಡಿಸಿದ್ದೇವಲ್ಲ, ಕಾರ್ಡ್ ಇದೆಯಲ್ಲ" ಎಂದು ನೀವು ಕೇಳಬಹುದು. 2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಒಳ್ಳೆಯ ಯೋಜನೆ. ಅದರಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಕಬ್ಬಿಗೆ ಎಷ್ಟು ಯೂರಿಯಾ ಹಾಕಬೇಕೆಂದು ಅದು ಹೇಳುತ್ತದೆ. ಹಾಕಿದ ತಿಪ್ಪೆಗೊಬ್ಬರದಲ್ಲಿ ಯಾವ ಮದ್ದಿತ್ತೆಂದು ಹೇಳುವ ಹದಿಮೂರನೆಯ ಸಾಲು ಅದರಲ್ಲಿಲ್ಲ.

ನೀರಿನದೂ ಅದೇ ಕತೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಕೈಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ರೋಗಾಣು ಪರೀಕ್ಷೆ ಮಾಡಿಸುವುದು ನಿಜಕ್ಕೂ ಮೆಚ್ಚತಕ್ಕ ಕೆಲಸ. ಆದರೆ ಆ ಪೆಟ್ಟಿಗೆಗೆ ಮದ್ದು ಕಾಣುವುದಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ 2012ರ ಮಾನಕದಲ್ಲಿ ಕೀಟನಾಶಕಗಳಿಗೆ ಮಿತಿ ಇದೆ, ಪಶು ಔಷಧಿಗಳಿಗೆ ಇಲ್ಲ. ಔಷಧಿ ಕಾರ್ಖಾನೆಗಳ ಕೊಳೆನೀರಿನಲ್ಲಿ ಆಂಟಿಬಯಾಟಿಕ್ ಎಷ್ಟಿರಬಹುದೆಂದು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಕರಡು ಮಿತಿಗಳನ್ನು ಪ್ರಕಟಿಸಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಅಂಕಿಗಳೇ ಇರಲಿಲ್ಲ.

ಹಾಲಿನಲ್ಲಿ ಮಾತ್ರ ಲೆಕ್ಕ ಸಿಕ್ಕಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಡೆಸಿದ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 77ರಲ್ಲಿ ಆಂಟಿಬಯಾಟಿಕ್ ಉಳಿಕೆ ಮಿತಿ ಮೀರಿತ್ತು. ನೂರಕ್ಕೆ ಸುಮಾರು ಒಂದು. ಕಡಿಮೆಯೇ ಸರಿ. ಆದರೆ ಹುಡುಕಿದ್ದರಿಂದಲೇ ಅದು ಕಡಿಮೆ ಎಂದು ಧೈರ್ಯವಾಗಿ ಹೇಳಲು ಬಂತು. ಮಣ್ಣು, ನೀರಿನ ವಿಷಯದಲ್ಲೂ ಆ ಧೈರ್ಯ ನಮಗೆ ಬೇಕಲ್ಲವೆ?

ರಣಹದ್ದು ಕಲಿಸಿದ ಪಾಠ

ಪರೀಕ್ಷೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ರಣಹದ್ದಿನ ಕತೆ ಹೇಳಬೇಕು. 1990ರ ದಶಕದಲ್ಲಿ ಉತ್ತರ ಭಾರತದಲ್ಲಿ ರಣಹದ್ದುಗಳು ಒಂದೇ ಸಮನೆ ಸಾಯತೊಡಗಿದವು. ಏನೋ ಸಾಂಕ್ರಾಮಿಕವಿರಬೇಕೆಂದು ಬಹುಕಾಲ ಊಹಿಸಿದರು. ಸತ್ತ ಹದ್ದುಗಳ ಅಂಗಾಂಶಗಳಲ್ಲಿ ಮದ್ದಿನ ಉಳಿಕೆ ಹುಡುಕಿದ ಪಾಕಿಸ್ತಾನದಲ್ಲಿನ ಅಧ್ಯಯನ 2004ರಲ್ಲಿ ಪ್ರಕಟವಾದಾಗ ಗುಟ್ಟು ಬಯಲಾಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು.

2006ರಲ್ಲಿ ಭಾರತ ಆ ಮದ್ದನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿತು. ಮನುಷ್ಯರ ಹೆಸರಿನ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಬರುತ್ತಿದ್ದುದರಿಂದ 2015ರಲ್ಲಿ ಆ ಸೀಸೆಯನ್ನೂ 3 ಮಿಲಿಲೀಟರಿಗೆ ಇಳಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ ಪಶುಬಳಕೆಯಿಂದ ತೆಗೆಯಲಾಯಿತು. ಅಷ್ಟರಲ್ಲಿ ಆದ ನಷ್ಟ ಸಣ್ಣದಲ್ಲ. ಹದ್ದುಗಳಿಲ್ಲದೆ ಕೊಳೆತ ದನದ ಹೆಣಗಳು, ಅದರಿಂದ ಕೆಟ್ಟ ನೀರು, ಹೆಚ್ಚಿದ ಬೀದಿನಾಯಿಗಳು ಇವೆಲ್ಲದರ ಫಲವಾಗಿ 2000ರಿಂದ 2005ರ ಅವಧಿಯಲ್ಲಿ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಮಾನವ ಸಾವುಗಳಾದವೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜು ಮಾಡಿದೆ. ದನಕ್ಕೆ ಕೊಟ್ಟ ಒಂದು ಸೂಜಿ ಎಷ್ಟು ದೂರ ನಡೆಯಬಲ್ಲದು ನೋಡಿ. ಹತ್ತು ವರ್ಷ ಮೊದಲೇ ಯಾರಾದರೂ ಪರೀಕ್ಷಿಸಿದ್ದರೆ ಎಂಬ ಪ್ರಶ್ನೆ ಈಗ ಉತ್ತರವಿಲ್ಲದ ಪ್ರಶ್ನೆ.

ನಮ್ಮ ಐದು ತಾಲ್ಲೂಕುಗಳೇ ಏಕೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಕಬ್ಬು ಮತ್ತು ಹೈನಿನ ಸೀಮೆ. ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ತಿಪ್ಪೆ, ಅದರಾಚೆ ಬಾವಿ ಅಥವಾ ಬೋರು. ಅಂತರ ಕೆಲವೇ ಮಾರು. ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಯಡೂರಿನ ಬಳಿ ಕೃಷ್ಣೆಗೆ ಸೇರುತ್ತಾಳೆ. ನದಿಗಳೆಲ್ಲ ಮಹಾರಾಷ್ಟ್ರದಿಂದ ಬಂದವು, ಅಲ್ಲಿನ ಊರುಗಳ ಬಸಿನೀರನ್ನೂ ಹೊತ್ತು ತರುತ್ತವೆ. ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿ ಮಡುಗಳಷ್ಟೇ ಉಳಿದಾಗ, ನೀರಿನಲ್ಲಿ ಏನಿದೆಯೋ ಅದು ದಟ್ಟವಾಗುತ್ತದೆ. ಮಳೆಗಾಲದಲ್ಲಿ ಇದಕ್ಕೆ ವಿರುದ್ಧ. 2019ರ ಆಗಸ್ಟಿನಲ್ಲೂ 2021ರ ಜುಲೈನಲ್ಲೂ ಹೊಳೆ ಊರೊಳಗೆ ಬಂದಾಗ ತಿಪ್ಪೆಗಳು ತೇಲಿಹೋದುದನ್ನು, ಬಾವಿಗಳು ಕೆಸರುಗಟ್ಟಿದುದನ್ನು ನದಿದಂಡೆಯವರೆಲ್ಲ ಕಂಡಿದ್ದಾರೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗಿನ ದಿನಗಳನ್ನೂ ನೆನೆಯಿರಿ. ಅದು ವೈರಾಣು ರೋಗ, ಆಂಟಿಬಯಾಟಿಕ್‌ಗೆ ಬಗ್ಗುವಂಥದ್ದಲ್ಲ. ಹುಣ್ಣಿಗೆ ಬೇರೆ ಸೋಂಕು ತಗುಲಿದಾಗ ಮಾತ್ರ ಅದರ ಅಗತ್ಯ. ಆದರೆ ಕಣ್ಣೆದುರು ದನ ನರಳುವಾಗ ಸೂಜಿ ಬೇಡವೆನ್ನುವ ಒಕ್ಕಲಿಗ ಯಾರು? "ಡಾಕ್ಟರು ಬರೂತನಕ ಕಾಯಾಕ ಆಗತೈತೇನ್ರಿ?" ಎಂಬ ಮಾತಿಗೆ ಪಟ್ಟಣದಲ್ಲಿ ಕುಳಿತು ಉತ್ತರ ಕೊಡುವುದು ಸುಲಭವಲ್ಲ. ರೈತನನ್ನು ಕಟಕಟೆಯಲ್ಲಿ ನಿಲ್ಲಿಸುವುದು ಈ ಲೇಖನದ ಉದ್ದೇಶವೂ ಅಲ್ಲ.

ಎಷ್ಟು ಪರೀಕ್ಷೆ, ಯಾರಿಂದ?

ಪ್ರತಿ ರೈತನೂ ತನ್ನ ಹೊಲದ ಮಣ್ಣನ್ನು ಮದ್ದಿಗಾಗಿ ಪರೀಕ್ಷಿಸಲಿ ಎಂದು ಹೇಳುವುದು ಅವಿವೇಕ. ಸಾರಜನಕ ನೋಡಿದಂತೆ ಇದು ಸರಳವಲ್ಲ. ನೂರು ಕೋಟಿಯಲ್ಲಿ ಒಂದು ಪಾಲನ್ನು ಗುರುತಿಸಬಲ್ಲ ದುಬಾರಿ ಯಂತ್ರ ಮತ್ತು ನುರಿತ ಕೈ ಎರಡೂ ಬೇಕು. ಆದ್ದರಿಂದ ಇದು ಸರ್ಕಾರ, ವಿಶ್ವವಿದ್ಯಾಲಯ ಮತ್ತು ಹಾಲು ಒಕ್ಕೂಟ ಸೇರಿ ಮಾಡಬೇಕಾದ ಕಾವಲಿನ ಕೆಲಸ.

ಲೆಕ್ಕ ಹಾಕಿ ನೋಡೋಣ. ಐದು ತಾಲ್ಲೂಕು, ತಾಲ್ಲೂಕಿಗೆ ನಾಲ್ಕು ಹಳ್ಳಿ. ಪ್ರತಿ ಹಳ್ಳಿಯಲ್ಲಿ ಗೊಬ್ಬರ ಹಾಕಿದ ಒಂದು ಹೊಲದ ಮಣ್ಣು, ಕೊಟ್ಟಿಗೆಗಳ ಹತ್ತಿರದ ಒಂದು ಬಾವಿಯ ಅಥವಾ ಬೋರಿನ ನೀರು. ವರ್ಷಕ್ಕೆ ಮೂರು ಸಲ: ಮುಂಗಾರಿಗೆ ಮೊದಲು, ಮೊದಲ ದೊಡ್ಡ ಮಳೆಯ ನಂತರ, ಚಳಿಗಾಲದ ನಡುವೆ. ಒಟ್ಟು 120 ಮಾದರಿ. ಒಂದು ಜಿಲ್ಲೆಯ ಬೊಕ್ಕಸಕ್ಕೆ ಇದು ಹೊರಲಾರದ ಹೊರೆಯಲ್ಲ. ಹುಡುಕಬೇಕಾದುದೂ ಬೆರಳೆಣಿಕೆಯಷ್ಟು: ಆಕ್ಸಿಟೆಟ್ರಾಸೈಕ್ಲಿನ್, ಎನ್ರೋಫ್ಲೋಕ್ಸಾಸಿನ್ ಮತ್ತು ಸಿಪ್ರೋಫ್ಲೋಕ್ಸಾಸಿನ್, ಸಲ್ಫಾ ಗುಂಪು, ಐವರ್ಮೆಕ್ಟಿನ್, ನಿಷೇಧಿತ ಡೈಕ್ಲೋಫೆನಾಕ್. ಜೊತೆಗೆ ಅದೇ ನೀರಿನಲ್ಲಿ ಮದ್ದಿಗೆ ಬಗ್ಗದ ಇ. ಕೋಲಿ ಇದೆಯೇ ಎಂದು ಬೆಳೆಸಿ ನೋಡುವುದು ಅಗ್ಗದ ಕೆಲಸ, ಸಾಮಾನ್ಯ ಸೂಕ್ಷ್ಮಜೀವಿ ಪ್ರಯೋಗಾಲಯ ಸಾಕು.

ಮಾದರಿ ತೆಗೆಯುವುದರಲ್ಲೂ ಶಿಸ್ತು ಬೇಕು. ಮಣ್ಣನ್ನು ಹೊಲದ ಹಲವು ಕಡೆ ಅರ್ಧ ಅಡಿ ಆಳದಿಂದ ತೆಗೆದು ಕಲಸಬೇಕು. ನೀರನ್ನು ಕಂದು ಬಣ್ಣದ ಗಾಜಿನ ಸೀಸೆಯಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗ ತಲುಪಿಸಬೇಕು, ಏಕೆಂದರೆ ಈ ಮದ್ದುಗಳಲ್ಲಿ ಕೆಲವು ಬಿಸಿಲಿಗೆ ಒಡೆದುಹೋಗುತ್ತವೆ. ಬಿಸಿಲಲ್ಲಿ ದಿನವಿಡೀ ಇಟ್ಟ ಸೀಸೆಯಲ್ಲಿ ಮದ್ದು ಸಿಗಲಿಲ್ಲವೆಂದರೆ ಅದು ಸಮಾಧಾನದ ಸುದ್ದಿಯಲ್ಲ, ಕೆಟ್ಟ ಪರೀಕ್ಷೆ.

ಶಕ್ತಿ ನಮ್ಮಲ್ಲಿಲ್ಲವೆಂದು ಹೇಳುವಂತಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಅಳೆಯುವ ಪ್ರಯೋಗಾಲಯ ಇದೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಯೂರೋಪಿಗೆ ಹೊರಟ ಭಾರತದ ದ್ರಾಕ್ಷಿ ಉಳಿಕೆ ಪರೀಕ್ಷೆ ಇಲ್ಲದೆ ಹಡಗು ಹತ್ತುವುದಿಲ್ಲ. ಪರದೇಶದವರ ತಟ್ಟೆಗೆ ಇರುವ ಈ ಕಾಳಜಿ ನಮ್ಮ ಮಕ್ಕಳ ಬಿಂದಿಗೆಗೂ ಸಲ್ಲಬೇಕು. ಯೂರೋಪ್ ಒಕ್ಕೂಟ ಹೊಳೆನೀರಿನ ವಿಷಯದಲ್ಲಿ ಮೊದಲು ಮಿತಿ ವಿಧಿಸಲು ಹೋಗಲಿಲ್ಲ. 2015ರಲ್ಲಿ ಡೈಕ್ಲೋಫೆನಾಕ್ ಮತ್ತು ಕೆಲವು ಆಂಟಿಬಯಾಟಿಕ್‌ಗಳನ್ನು ಒಂದು ಕಣ್ಗಾವಲು ಪಟ್ಟಿಗೆ ಸೇರಿಸಿ, ಅಳೆಯುತ್ತಾ ಹೋಯಿತು. ನಾವೂ ಮೊದಲು ಅಳೆಯೋಣ.

"ಔಷಧಿ ಕಾರ್ಖಾನೆಯವರನ್ನು ಬಿಟ್ಟು ದನ ಕಾಯುವವನ ಬೆನ್ನು ಹತ್ತಿದ್ದೀರಿ" ಎಂಬ ಆಕ್ಷೇಪ ಬರಬಹುದು. ಅದರಲ್ಲಿ ನ್ಯಾಯವಿದೆ. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲೋಕ್ಸಾಸಿನ್ ಇದ್ದುದನ್ನು 2007ರಲ್ಲಿ ಸಂಶೋಧಕರು ವರದಿ ಮಾಡಿದ್ದರು. ಯಾವ ಕೊಟ್ಟಿಗೆಯೂ ಅದಕ್ಕೆ ಸಾಟಿಯಲ್ಲ. ಆಸ್ಪತ್ರೆಯ ಚರಂಡಿ, ನಮ್ಮ ಶೌಚಾಲಯಗಳ ಪಾಲೂ ಇದೆ. ಆದರೆ ಯಾರ ಪಾಲು ಎಷ್ಟೆಂದು ಹೇಳುವುದೂ ಪರೀಕ್ಷೆಯೇ. ಅಳತೆ ಇಲ್ಲದ ಕಡೆ ಬೈಗುಳವೆಲ್ಲ ಬಡವನ ಪಾಲಿಗೇ ಬರುತ್ತದೆ.

ಎಪ್ಪತ್ತು ಲೀಟರಿನ ಪ್ರಶ್ನೆ

ಪರೀಕ್ಷೆಯಿಂದ ಮದ್ದು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಮುಂದೇನು? 2012ರ ಜನವರಿಯಿಂದ ನಮ್ಮ ದೇಶದಲ್ಲಿ ಒಂದು ನಿಯಮವಿದೆ. ಪಶು ಔಷಧಿಯ ಚೀಟಿಯ ಮೇಲೆ, ಮದ್ದು ಕೊಟ್ಟ ನಂತರ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದೆಂದು ಬರೆದಿರಬೇಕು. ಆ ಮದ್ದಿಗೆ ಪ್ರತ್ಯೇಕವಾಗಿ ಗೊತ್ತುಪಡಿಸಿರದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. 2019ರ ಜುಲೈನಲ್ಲಿ ಕೊಲಿಸ್ಟಿನ್ ಎಂಬ, ಮನುಷ್ಯರಿಗೆ ಕಟ್ಟಕಡೆಯ ಆಸರೆಯಾದ ಮದ್ದನ್ನು ಆಹಾರದ ಪ್ರಾಣಿಗಳಿಗೂ ಕೋಳಿ ಮೇವಿಗೂ ಬಳಸುವುದನ್ನು ನಿಷೇಧಿಸಲಾಯಿತು. ಅಂದರೆ ಕಾನೂನು ಇದೆ.

ಆದರೆ ದಿನಕ್ಕೆ ಹತ್ತು ಲೀಟರ್ ಕರೆಯುವ ಆಕಳ ಏಳು ದಿನದ ಹಾಲೆಂದರೆ ಎಪ್ಪತ್ತು ಲೀಟರ್. ಮದ್ದಿನ ಖರ್ಚು ಬೇರೆ. ಅಷ್ಟನ್ನು ಒಬ್ಬ ಸಣ್ಣ ಹಿಡುವಳಿದಾರ ಚೆಲ್ಲುವನೆಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪಶುವೈದ್ಯರ ಚೀಟಿ ತೋರಿಸಿ "ನನ್ನ ಆಕಳು ಮದ್ದಿನಲ್ಲಿದೆ" ಎಂದು ಮುಂದಾಗಿ ಹೇಳಿದ ರೈತನಿಗೆ ಆ ಏಳು ದಿನದ ಹಾಲಿನ ಬೆಲೆಯಲ್ಲಿ ಒಂದು ಪಾಲನ್ನಾದರೂ ಹಾಲು ಒಕ್ಕೂಟ ಮತ್ತು ಸರ್ಕಾರ ಕೊಡಬೇಕು. ನಿಜ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಎಂಬ ಏರ್ಪಾಡು ಇರುವವರೆಗೆ ಯಾವ ಪ್ರಯೋಗಾಲಯವೂ ನಮ್ಮನ್ನು ಕಾಯಲಾರದು. ಪರೀಕ್ಷೆಯ ಫಲಿತಾಂಶ ದಂಡದ ಚೀಟಿಯಾಗಬಾರದು. ಯಾವ ರೈತನ ಹೆಸರನ್ನೂ ಹೇಳದೆ, ಊರಿನ ಫಲಿತಾಂಶವನ್ನಷ್ಟೇ ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಈಗಲೇ ನೀವು ಮಾಡಬಹುದಾದದ್ದು

ಕೊಟ್ಟಿಗೆ ಉಳ್ಳವರು ಒಂದು ಹಳೆಯ ಕ್ಯಾಲೆಂಡರನ್ನು ಕಂಬಕ್ಕೆ ತೂಗುಹಾಕಿ. ಯಾವ ದನಕ್ಕೆ, ಯಾವ ದಿನ, ಯಾವ ಮದ್ದು, ಎಷ್ಟು ದಿನ ಹಾಲು ಬೇಡ ಎಂದು ಬರೆದಿಡಿ. ಅಂಗಡಿಯಿಂದ ನೀವೇ ಸೂಜಿಮದ್ದು ತಂದು ಹಾಕಬೇಡಿ, ಪಶುವೈದ್ಯರ ಸಲಹೆ ಪಡೆಯಿರಿ. ಕೆಚ್ಚಲು ತೊಳೆದು ಒರೆಸಿ, ಒಣ ನೆಲದಲ್ಲಿ ದನ ಕಟ್ಟಿದರೆ ಬಾವು ಬರುವುದೇ ಕಡಿಮೆ. ಬಾರದ ರೋಗಕ್ಕೆ ಮದ್ದು ಬೇಕಿಲ್ಲ.

ಮದ್ದು ಪಡೆದ ದನದ ಸೆಗಣಿಯನ್ನು ಬಾವಿಯಿಂದ ದೂರದ ಬೇರೆ ಗುಂಡಿಗೆ ಹಾಕಿ. ಹಸಿ ಗೊಬ್ಬರವನ್ನು ಮೆಂತ್ಯ, ಕೊತ್ತಂಬರಿಯಂಥ ಸೊಪ್ಪಿನ ಮಡಿಗೆ ಎರಚಬೇಡಿ. ಕಬ್ಬಿನ ರವದಿ ಬೆರೆಸಿ, ತೇವ ಕೊಟ್ಟು, ಆಗಾಗ ತಿರುವಿ ಹಾಕಿದ ತಿಪ್ಪೆ ಒಳಗೆ ಕೈ ಸುಡುವಷ್ಟು ಕಾಯುತ್ತದೆ. ಹಾಗೆ ಕಾದು ಕೆಲವು ತಿಂಗಳು ಮಾಗಿದ ಗೊಬ್ಬರದಲ್ಲಿ ಟೆಟ್ರಾಸೈಕ್ಲಿನ್‌ನಂಥ ಮದ್ದು ಬಹುಮಟ್ಟಿಗೆ ಒಡೆಯುತ್ತದೆ. ಎನ್ರೋಫ್ಲೋಕ್ಸಾಸಿನ್ ಗುಂಪಿನದು ಹೆಚ್ಚು ಹಟಮಾರಿ, ಆದ್ದರಿಂದಲೇ ಅದನ್ನು ಅನಾವಶ್ಯಕವಾಗಿ ಬಳಸಬಾರದು. ಚೆಲ್ಲಬೇಕಾದ ಹಾಲನ್ನು ಚರಂಡಿಗೆ ಸುರಿಯದೆ, ಕರುವಿಗೂ ಕುಡಿಸದೆ, ಈ ಗುಂಡಿಗೇ ಹಾಕಿ. ಖಾಲಿ ಸೀಸೆಗಳನ್ನು ಬಾವಿಕಟ್ಟೆಯಲ್ಲಿ ತೊಳೆಯಬೇಡಿ. ಉಣ್ಣೆ ಮದ್ದು ಸವರಿದ ದನವನ್ನು ಹೊಳೆಗೆ ಇಳಿಸಬೇಡಿ.

ಪಟ್ಟಣದವರಿಗೂ ಕೆಲಸವಿದೆ. ಹಾಲು ಕಾಯಿಸಿಯೇ ಕುಡಿಯಿರಿ, ಅದರಿಂದ ರೋಗಾಣು ಸಾಯುತ್ತದೆ. ಆದರೆ ಕಾಯಿಸಿದರೆ ಮದ್ದೂ ಹೋಗುತ್ತದೆ ಎಂದು ನಂಬಬೇಡಿ. ಪದೇ ಪದೇ ಹೆಪ್ಪುಗಟ್ಟದ ಹಾಲು ಬಂದರೆ ಹಾಲಿನವನ ಜೊತೆ ಜಗಳಕ್ಕೆ ನಿಲ್ಲದೆ, ದನಕ್ಕೆ ಹುಷಾರಿಲ್ಲವೇ ಎಂದು ವಿಚಾರಿಸಿ. ಮನೆಯಲ್ಲಿ ಉಳಿದ ಗುಳಿಗೆಗಳನ್ನು ಬಚ್ಚಲಿಗೆ ಎಸೆಯಬೇಡಿ. ಶೀತ, ನೆಗಡಿಗೆಲ್ಲ ಆಂಟಿಬಯಾಟಿಕ್ ಬೇಕೆಂದು ವೈದ್ಯರನ್ನು ಒತ್ತಾಯಿಸಬೇಡಿ. ಮುಂದಿನ ಗ್ರಾಮಸಭೆಯಲ್ಲೋ ಪುರಸಭೆಯಲ್ಲೋ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: ನಮ್ಮೂರ ಮಣ್ಣಿಗೆ, ನೀರಿಗೆ ಹದಿಮೂರನೆಯ ಸಾಲು ಯಾವಾಗ ಬರುತ್ತದೆ?

ದನಕ್ಕೆ ಮದ್ದು ಬೇಡ ಎಂದು ಯಾರೂ ಹೇಳುತ್ತಿಲ್ಲ. ಮೂಕಪ್ರಾಣಿಯ ನೋವು ನೋವೇ. ಆದರೆ ಕೊಟ್ಟ ಮದ್ದು ಎಲ್ಲಿಗೆ ಹೋಯಿತೆಂದು ಕೇಳುವುದೂ ಚಿಕಿತ್ಸೆಯ ಭಾಗ. ಮಕ್ಕಳಿಗೆ ಹೊಲ, ಬಾವಿ ಬಿಟ್ಟುಹೋಗುವಾಗ ಅವುಗಳಲ್ಲಿ ಏನಿದೆ ಎಂದು ತಿಳಿದು ಬಿಟ್ಟುಹೋಗೋಣ.